ಲಾಂಡ್ರಿ ಅತ್ತೆಯ ಪಾಲಿಗೆ ಬಂದ ಕಕ್ಕಸು

ಲಾಂಡ್ರಿ ಅತ್ತೆ ಮೂವತ್ತೊಂದು ವರ್ಷದಲ್ಲಿ ಒಗೆದ ಚಾದರಗಳನ್ನೆಲ್ಲ ತುದಿಗೆ ತುದಿ ಗಂಟು ಹಾಕಿದ್ದರೆ ಚಂದ್ರನವರೆಗೆ ಹೋಗಿ, ಅಲ್ಲೊಂದು ಜೋಡಿ ಮಂಚಕ್ಕೆ ಹಾಸಿ, ಮಿಕ್ಕಿದ್ದನ್ನು ಹಿಡಿದುಕೊಂಡು ವಾಪಸು ಇಳಿಯಬಹುದಿತ್ತು. ಹೋಟೆಲಿನ ಚಾದರ, ಆಸ್ಪತ್ರೆಯ ಚಾದರ, ಹಾಸ್ಟೆಲಿನ ಚಾದರ. ಮನುಷ್ಯ ಎನ್ನುವ ಪ್ರಾಣಿ ಒಂದು ಬಿಳೀ ಬಟ್ಟೆಯ ಮೇಲೆ ಏನೇನು ಬಿಟ್ಟು ಎದ್ದುಹೋಗುತ್ತದೆ ಎಂಬುದು ಅವಳಿಗೆ ಗೊತ್ತಿದ್ದಷ್ಟು ಡಾಕ್ಟರಿಗೂ ಗೊತ್ತಿರಲಿಲ್ಲ, ಪೊಲೀಸರಿಗೂ ಗೊತ್ತಿರಲಿಲ್ಲ. "ಅಯ್ಯೋ, ಅಸಹ್ಯ ಆಗಲ್ವಾ?" ಎಂದು ಯಾರಾದರೂ ಮೂಗು ಮುಚ್ಚಿಕೊಂಡರೆ, "ಕೊಳೆ ಇಲ್ದಿದ್ರೆ ನಾನು ಉಪವಾಸ ಕಣ್ರೀ. ಇನ್ನಷ್ಟು ಗಲೀಜು ಮಾಡಿ, ನೂರು ವರ್ಷ ಬಾಳಿ" ಎಂದು ನಗುತ್ತಿದ್ದಳು.

ಅವಳ ಮನೆ ಎಂದರೆ ಲಾಂಡ್ರಿಯ ಹಿಂದಿನ ಒಂದು ಕೋಣೆ. ಆಚೆ ಕಡೆ ಬಾಯ್ಲರು, ಈಚೆ ಕಡೆ ಮಂಚ, ನಡುವೆ ಒಂದು ಗೋಡೆ. ಆ ಗೋಡೆ ವರ್ಷವಿಡೀ ಬೆವರುತ್ತಿತ್ತು. ಕ್ಯಾಲೆಂಡರು ತೂಗುಹಾಕಿದರೆ ಮಾರ್ಚಿಗೆ ಮುಂಚೆಯೇ ಡಿಸೆಂಬರು ನೆನೆದು ಕಳಚಿ ಬೀಳುತ್ತಿತ್ತು. ಕಿಟಕಿ ಇರಲಿಲ್ಲ. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಬಂದ ಗಿರಾಕಿಯ ತಲೆ ನೋಡಬೇಕು. ಗಂಡ ಸತ್ತಾಗಿನಿಂದ ಅತ್ತೆಗಿದ್ದದ್ದು ಒಂದೇ ಆಸೆ, ಕಣ್ಣು ಕಾಣುತ್ತಿರುವಾಗಲೇ ಕಿಟಕಿ ಇರುವ ಒಂದು ಮನೆಯಲ್ಲಿ ಕೂತು ಬೀದಿ ನೋಡಬೇಕು. ಅದಕ್ಕೆಂದೇ ಬ್ಯಾಂಕಿನಲ್ಲಿ ಕೂಡಿಟ್ಟಿದ್ದಳು. ಒಂದು ಕಾಫಿ ಹೆಚ್ಚಿಗೆ ಕುಡಿದವಳಲ್ಲ, ಒಂದು ಚಪ್ಪಲಿಯನ್ನು ಏಳು ಸಲ ಹೊಲಿಸಿದವಳು.

ಈ ದುಡ್ಡಿನ ವಾಸನೆ ತಮ್ಮನ ಮಗನ ಮೂಗಿಗೆ ಬಡಿಯಿತು. ಅವನಿಗೆ ತಂದೆ ತಾಯಿ ಇಟ್ಟ ಹೆಸರೊಂದಿತ್ತು, ಅದನ್ನು ಅವರೇ ಮರೆತಿದ್ದರು. ಎಲ್ಲರಿಗೂ ಅವನು ಪ್ಲಾನಪ್ಪ. ಬಚ್ಚಲಲ್ಲಿ ಅಣಬೆ ಬೆಳೆಯುವ ಪ್ಲಾನು ಮಾಡಿ ಮನೆಯವರಿಗೆಲ್ಲ ಕಜ್ಜಿ ತರಿಸಿದ್ದ. ಹಳೇ ಟೈರಿನಿಂದ ಸೋಫಾ ಮಾಡಿ, ಕೂತವರೆಲ್ಲ ಎರಡು ತಿಂಗಳು ರಬ್ಬರು ನಾರುವ ಹಾಗೆ ಮಾಡಿದ್ದ. ಈ ಸಲ ಕೋಟು ಹಾಕಿಕೊಂಡು ಬಂದ.

"ಅತ್ತೇ, ನಿನ್ನ ದುಡ್ಡು ಬ್ಯಾಂಕಲ್ಲಿ ಸುಮ್ನೆ ಮಲಗಿದೆ."

"ಮಲಗ್ಲಿ ಬಿಡೋ. ನಾನಂತೂ ಮಲಗಿಲ್ಲ, ಅದಾದ್ರೂ ಮಲಗ್ಲಿ."

"ತಮಾಷೆ ಅಲ್ಲ ಅತ್ತೆ. ಒಂದು ಹಳೇ ಬಿಲ್ಡಿಂಗು ನೋಡಿದೀನಿ, ಮೂರಂತಸ್ತು. ಅಗ್ಗಕ್ಕೆ ಬರುತ್ತೆ. ಬ್ಯಾಂಕು ಸಾಲ ಕೊಡುತ್ತೆ, ಆದ್ರೆ ಮೊದಲು ನಾವು ಒಂದಿಷ್ಟು ಕೈಯಿಂದ ಹಾಕ್ಬೇಕು. ಅದಕ್ಕೆ ಬೀಜದ ದುಡ್ಡು ಅಂತಾರೆ. ಬೀಜ ಹಾಕಿದ್ರೆ ಒಂದು ಬಿಲ್ಡಿಂಗು. ಅದನ್ನ ಮಾರಿದ್ರೆ ಎರಡು. ಎರಡನ್ನ ಮಾರಿದ್ರೆ ನಾಲ್ಕು. ನಾಲ್ಕನೇದ್ರಲ್ಲಿ ನಿಂಗೆ ಮೊದಲನೇ ಮಹಡೀಲಿ ಒಂದು ಮನೆ, ಪುಕ್ಕಟೆ."

"ಕಿಟಕಿ ಎಷ್ಟು?"

ಪ್ಲಾನಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. "ಎರಡು. ಬೆಳಗಿನ ಬಿಸಿಲಿಗೊಂದು, ಸಂಜೆ ಬಿಸಿಲಿಗೊಂದು."

ಅಂಗೈಯಲ್ಲಿ ಅರಮನೆ ತೋರಿಸುವವರನ್ನು ಅತ್ತೆ ಕಂಡಿದ್ದಳು. ಅಂಗೈಯಲ್ಲಿ ಕಿಟಕಿ ತೋರಿಸಿದವನು ಇವನೇ ಮೊದಲು. ಸೋತಳು. ಬ್ಯಾಂಕಿನಿಂದ ಎಲ್ಲವನ್ನೂ ತೆಗೆದು ಕೊಟ್ಟಳು. ಉಳಿದ ಮೂವರು ನೆಂಟರು ಸೇರಿ ಹಾಕಿದ್ದಕ್ಕಿಂತ ಅವಳೊಬ್ಬಳು ಹಾಕಿದ್ದೇ ಹೆಚ್ಚು.

ಆ ಮೂವರು ಯಾರೆಂದರೆ, ಅವಳ ತಮ್ಮ, ಎಂದರೆ ಪ್ಲಾನಪ್ಪನ ಅಪ್ಪ, ಬಸ್ಸಿನ ಕಂಡಕ್ಟರಾಗಿ ರಿಟೈರಾದವನು. ಅವಳ ತಂಗಿ, ಹೊಲಿಗೆಯವಳು, ಬಾಯಲ್ಲಿ ಸದಾ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವವಳು. ಇನ್ನು ಪ್ಲಾನಪ್ಪನ ಹೆಂಡತಿಯ ತಂದೆ, ಯಾವುದೋ ಆಫೀಸಿನಲ್ಲಿ ನಲವತ್ತು ವರ್ಷ ಗುಮಾಸ್ತರಾಗಿದ್ದವರು. ಅವರು ಸೀನಿದರೂ ಎರಡು ಪ್ರತಿಗಳಲ್ಲಿ ಸೀನುತ್ತಿದ್ದರು.

ಬಿಲ್ಡಿಂಗು ಕೊಂಡ ಮೇಲಿನ ಭಾನುವಾರ ಎಲ್ಲರೂ ಲಾಂಡ್ರಿಯಲ್ಲಿ ಸೇರಿದರು. ಚಾದರ ಮಡಚುವ ಮೇಜಿನಷ್ಟು ದೊಡ್ಡ ಮೇಜು ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಪ್ಲಾನಪ್ಪ ಒಂದು ಹಾಳೆ ತೆಗೆದು, ಯಾರಿಗೆ ನೂರಕ್ಕೆ ಎಷ್ಟು ಪಾಲು ಎಂದು ಓದಿದ. ಕಂಡಕ್ಟರ್ ತಮ್ಮ ತಲೆ ಅಲ್ಲಾಡಿಸಿದ.

"ನೂರಕ್ಕೆ ಹದಿನಾಲ್ಕು ಅಂದ್ರೆ ಯಾವುದೋ ಅದು? ಎಲ್ಲಿದೆ? ಮುಟ್ಟಿ ತೋರ್ಸು ನಂಗೆ."

"ಅಪ್ಪಾ, ಅದು ಮುಟ್ಟೋಕಾಗೋದಲ್ಲ. ಇಡೀ ಬಿಲ್ಡಿಂಗಲ್ಲಿ ಸೇರ್ಕೊಂಡಿರುತ್ತೆ."

"ಕಾಫೀಲಿ ಸಕ್ಕರೆ ಸೇರ್ಕೊಂಡ ಹಾಗಾ? ಹಾಗಾದ್ರೆ ನಂದನ್ನ ನೀನು ಕುಡಿದುಬಿಟ್ಟಿದೀಯ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?"

ಹೊಲಿಗೆ ತಂಗಿಯೂ ಗುಂಡುಸೂಜಿಗಳ ನಡುವಿನಿಂದ ಹೌದು ಹೌದು ಎಂದಳು. ಗುಮಾಸ್ತರೂ ಕೆಮ್ಮಿದರು. ಪ್ಲಾನಪ್ಪನಿಗೆ ರೇಗಿತು. "ಸರಿ ಹಾಗಾದ್ರೆ! ಮುಟ್ಟೋಕೆ ಸಿಗೋದನ್ನೇ ತಗೊಳ್ಳಿ. ಒಬ್ಬೊಬ್ರೂ ಬಿಲ್ಡಿಂಗಲ್ಲಿ ಒಂದೊಂದು ಆರಿಸ್ಕೊಳ್ಳಿ!" ಎಂದ. ಕೋಪಕ್ಕೆ ಹೇಳಿದ ಮಾತು. ಆದರೆ ಅವರು ಆರಿಸಿಕೊಂಡೇಬಿಟ್ಟರು. ತಮ್ಮ ಮೆಟ್ಟಿಲು ಹಿಡಿದ. ತಂಗಿ ಮೇಲಿನ ನೀರಿನ ಟ್ಯಾಂಕು ಹಿಡಿದಳು. ಗುಮಾಸ್ತರು ಕರೆಂಟಿನ ಮೀಟರು, ಫ್ಯೂಸು, ಮುಂಬಾಗಿಲು ಮೂರನ್ನೂ ಸೇರಿಸಿ ಒಂದು ಎಂದು ಬರೆದುಕೊಂಡರು. ಅದನ್ನು ಛಾಪಾ ಕಾಗದದ ಮೇಲೆ ಟೈಪು ಮಾಡಿಸಿ, ಯಾರೊಬ್ಬರ ಸಹಿ ಇಲ್ಲದಿದ್ದರೂ ಬಿಲ್ಡಿಂಗು ಮಾರುವಂತಿಲ್ಲ ಎಂದು ಕೊನೆಗೊಂದು ಸಾಲನ್ನೂ ಸೇರಿಸಿದರು. ಅಳಿಯನ ಮೇಲೆ ಅವರಿಗೆ ಅಷ್ಟು ಪ್ರೀತಿ.

ಅತ್ತೆ ಆಗ ಒಳಗೆ ಆಸ್ಪತ್ರೆಯ ಚಾದರ ಹಿಂಡುತ್ತಿದ್ದಳು. ಕೈ ಒರೆಸಿಕೊಂಡು ಬರುವಷ್ಟರಲ್ಲಿ ಒಂದೇ ಒಂದು ಉಳಿದಿತ್ತು.

"ಕಕ್ಕಸಾ?" ಎಂದಳು ಅತ್ತೆ.

"ಕೆಳಗಿನ ಕಕ್ಕಸು ಮತ್ತು ಚರಂಡಿ ಪೈಪು," ಎಂದು ಗುಮಾಸ್ತರು ತಿದ್ದಿದರು.

"ಎಲ್ರಿಗಿಂತ ಜಾಸ್ತಿ ಹಾಕಿದವಳಿಗೆ ಇದಾ ಸಿಕ್ಕಿದ್ದು?"

"ಅತ್ತೇ, ಇಡೀ ಬಿಲ್ಡಿಂಗಿಗೆ ಇರೋದೇ ಅದೊಂದು," ಎಂದು ಪ್ಲಾನಪ್ಪ ಬೆಣ್ಣೆ ಹಚ್ಚಿದ. "ಮೆಟ್ಟಿಲಿಲ್ದೆ ಒಂದು ವಾರ ಇರ್ಬೋದು. ಕರೆಂಟಿಲ್ದೆ ಒಂದು ತಿಂಗಳು ಇರ್ಬೋದು. ಅದಿಲ್ದೆ ಒಂದು ಗಂಟೆ ಇದ್ದು ತೋರ್ಸು ನೋಡೋಣ. ಎಲ್ರಿಗಿಂತ ದೊಡ್ಡ ಪಾಲು ನಿಂದೇ."

ಅತ್ತೆ ಬಿದ್ದು ಬಿದ್ದು ನಕ್ಕಳು, ಸಹಿ ಹಾಕಿದಳು. ಮರುದಿನವೇ ಸೋಡಾಪುಡಿ, ಬ್ರಷ್ಷು, ಎರಡು ಬಕೀಟು ಹೊತ್ತುಕೊಂಡು ತನ್ನ ಆಸ್ತಿ ನೋಡಲು ಹೋದಳು. ಮೆಟ್ಟಿಲ ಕೆಳಗೆ ಒಂದು ಗೂಡು. ಗೋಡೆಗೆ ಹಚ್ಚಿದ ಬಿಳೀ ಬಿಲ್ಲೆಗಳ ಮೇಲೆ ಕೊಳೆ ಎಷ್ಟು ದಪ್ಪವಾಗಿತ್ತೆಂದರೆ ಅದನ್ನು ಕೆರೆದು ತೆಗೆದ ಮೇಲೆ ಒಳಗೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಾಯಿತು. ಅವಳು ತಿಕ್ಕುತ್ತಿರುವಾಗ ಹಿಂದಿನಿಂದ ಒಂದು ದನಿ ಕೇಳಿಸಿತು.

"ನಲವತ್ತು ವರ್ಷದಿಂದ ಇಲ್ಲಿದೀನಿ ತಾಯಿ. ಇದರ ಬಣ್ಣ ಬಿಳಿ ಅಂತ ಇವತ್ತು ಗೊತ್ತಾಯ್ತು."

ಅವನೇ ಗಡಿಯಾರದಜ್ಜ. ಕೆಳಗಿನ ಮುಂದಿನ ಕೋಣೆಯಲ್ಲಿ ಅವನ ವಾಚು ರಿಪೇರಿ ಅಂಗಡಿ, ಅದರ ಹಿಂದೆ ಒಂದು ಮಂಚದಷ್ಟು ಜಾಗದಲ್ಲಿ ಅವನ ಸಂಸಾರ. ಸಂಸಾರ ಎಂದರೆ ಅವನೊಬ್ಬನೇ. ಮೇಲಿನ ಮಹಡಿಗಳೆಲ್ಲ ಖಾಲಿ, ಇಡೀ ಬಿಲ್ಡಿಂಗಿಗೆ ಬಾಡಿಗೆದಾರನೂ ಅವನೊಬ್ಬನೇ. ತೆಳ್ಳಗಿನ ಮುದುಕ, ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುತ್ತಿದ್ದ.

ಅತ್ತೆ ಬಂದು ಕೇಳಿದಾಗ ಪ್ಲಾನಪ್ಪ, "ಅದೊಂದು ಸಣ್ಣ ವಿಷಯ, ಹೇಳೋಕೆ ಮರೆತೆ" ಎಂದ. ಸಣ್ಣ ವಿಷಯ ಎಂದರೆ ಇದು. ಬಾಡಿಗೆ ಕಟ್ಟುತ್ತಿರುವ ತನಕ ಅಜ್ಜನನ್ನು ಯಾರೂ ಎಬ್ಬಿಸುವಂತಿಲ್ಲ ಎಂದು ಹಳೇ ಮಾಲೀಕ ಬರೆದುಕೊಟ್ಟಿದ್ದ. ಬಿಲ್ಡಿಂಗು ಅಷ್ಟು ಅಗ್ಗಕ್ಕೆ ಬಂದದ್ದೂ ಅದಕ್ಕೇ. ಖಾಲಿ ಬಿಲ್ಡಿಂಗಾದರೆ ಮೂರು ಪಟ್ಟು ಬೆಲೆ, ಅದಕ್ಕೆ ಗಿರಾಕಿಯೂ ತಯಾರಿದ್ದ. ಆದರೆ ಅಜ್ಜ ಇದ್ದರೆ ಗಿರಾಕಿ ಇಲ್ಲ. ತಿಂಗಳ ಕೊನೆಯೊಳಗೆ ಅಜ್ಜ ಏಳದಿದ್ದರೆ ಆ ಗಿರಾಕಿ ಬೇರೆ ಬಿಲ್ಡಿಂಗು ನೋಡುತ್ತಾನೆ, ಬ್ಯಾಂಕಿನ ಕಂತು ಶುರುವಾಗುತ್ತದೆ, ಬೀಜ ಮಣ್ಣಲ್ಲೇ ಕೊಳೆಯುತ್ತದೆ.

"ಅವನಿಗೆ ಎದ್ದುಹೋಗು ಅಂತ ಹೇಳೋ ಹಾಗಿಲ್ಲ," ಎಂದ ಪ್ಲಾನಪ್ಪ. "ಆದ್ರೆ ನಮ್ಮ ನಮ್ಮ ಪಾಲನ್ನ ನಾವು ಹೇಗೆ ಬೇಕಾದ್ರೂ ಇಟ್ಕೋಬೋದು. ಅದನ್ನ ಯಾರೂ ಕೇಳೋ ಹಾಗಿಲ್ಲ."

ಅಷ್ಟು ಹೇಳಿದ್ದೇ ಸಾಕಾಯಿತು.

ಮೊದಲು ಶುರುಮಾಡಿದವನು ಕಂಡಕ್ಟರ್ ತಮ್ಮ. ಅವನ ಮೆಟ್ಟಿಲು ಹೋಗುವುದು ಅಜ್ಜನ ಮಂಚದ ತಲೆಯ ಮೇಲೆ. ಬೆಳಿಗ್ಗೆ ಐದಕ್ಕೇ ಹೋಗಿ ಲಾಳ ಹೊಡೆದ ಬೂಟು ಹಾಕಿಕೊಂಡು ಮೇಲೆ ಕೆಳಗೆ, ಮೇಲೆ ಕೆಳಗೆ ನಡೆಯುವುದು. ಭಾನುವಾರ ಮೇಜಿಗೆ ಬಂದು ಬನ್ನು ಅದ್ದಿ ತಿನ್ನುತ್ತ, "ವ್ಯಾಯಾಮ ಮಾಡಿದೆ ಅಷ್ಟೆ. ನನ್ನ ಮೆಟ್ಟಿಲು, ನನ್ನ ಕಾಲು" ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು.

ಮುಂದಿನ ವಾರ ಗುಮಾಸ್ತರು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಬಂದರು. ಅದನ್ನು ಮೇಜಿನ ಮೇಲಿಟ್ಟು, "ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ. ನನ್ನ ಫ್ಯೂಸನ್ನ ನಾನು ತಪಾಸಣೆಗೆ ತಂದಿದೀನಿ. ತಪಾಸಣೆ ಎಷ್ಟು ದಿನ ಹಿಡಿಯುತ್ತೋ ಹೇಳೋಕಾಗಲ್ಲ" ಎಂದರು. ಕತ್ತಲಲ್ಲಿ ವಾಚಿನ ಮುಳ್ಳು ಹುಡುಕುವ ಮುದುಕನನ್ನು ಪ್ಲಾನಪ್ಪ ನಟಿಸಿ ತೋರಿಸಿದ. ಮತ್ತೆ ನಗು.

ಅದರ ಮುಂದಿನ ವಾರ ಹೊಲಿಗೆ ತಂಗಿ ಬಾಯಿಂದ ಗುಂಡುಸೂಜಿ ತೆಗೆದು ಪಕ್ಕಕ್ಕಿಟ್ಟಳು. ದೊಡ್ಡ ಸುದ್ದಿ ಹೇಳುವಾಗ ಮಾತ್ರ ಅವಳು ಹಾಗೆ ಮಾಡುವುದು.

"ಗುರುವಾರ ಟ್ಯಾಂಕು ನೋಡೋಣ ಅಂತ ಹತ್ತಿದೆ. ಮುಚ್ಚಳ ಸರಿದಿದೆ. ಬಗ್ಗಿ ನೋಡ್ತೀನಿ, ಒಂದು ಪಾರಿವಾಳ ಸತ್ತು ತೇಲ್ತಿದೆ. ತೆಗೀಬೇಕು ಅಂತ ಕೈ ಚಾಚಿದೆ ಕಣಕ್ಕಾ. ಆಮೇಲೆ ಅನ್ನಿಸ್ತು, ಇರ್ಲಿ ಬಿಡು, ಪಾಪ, ಪುಕ್ಕಟೆ ಕೆಲಸ ಮಾಡ್ತಿದೆ."

ಮೇಜು ಅಲುಗುವಷ್ಟು ನಕ್ಕರು. ತಮ್ಮನಿಗೆ ಬನ್ನು ನೆತ್ತಿಗೇರಿತು. "ಸಂಬಳ ಕೊಟ್ಟೆಯಾ ಅದಕ್ಕೆ?" ಎಂದು ಕೇಳಿದವಳು ಅತ್ತೆಯೇ. ಅವಳ ನಗು ಎಲ್ಲರಿಗಿಂತ ಜೋರಾಗಿತ್ತು. ಮೂವತ್ತೊಂದು ವರ್ಷ ಗಲೀಜಿನ ಜೊತೆ ಸಂಸಾರ ಮಾಡಿದವಳಿಗೆ ಒಂದು ಪಾರಿವಾಳ ಯಾವ ಲೆಕ್ಕ!

ನಗು ಇಳಿದ ಮೇಲೆ ನಾಲ್ಕು ಮುಖಗಳೂ ಅತ್ತೆಯ ಕಡೆ ತಿರುಗಿದವು. ಪ್ಲಾನಪ್ಪ ಕೋಟಿನ ಜೇಬಿನಿಂದ ಹೊಸ ಬೀಗವೊಂದನ್ನು ತೆಗೆದು ಅವಳ ಮುಂದೆ ಸರಿಸಿದ.

"ಇನ್ನು ಹತ್ತು ದಿನ ಇದೆ ಅತ್ತೆ. ಅಜ್ಜ ಎದ್ದಿಲ್ಲ. ಉಳಿದಿರೋದು ನಿನ್ನ ಪಾಲೊಂದೇ."

"ಮುದುಕ ಕಣೋ ಅವನು."

"ಎರಡು ದಿನ ಸಾಕು. ನೀನು ಅವನ ಮೈ ಮುಟ್ಬೇಡ, ಒಂದು ಮಾತು ಆಡ್ಬೇಡ. ನಿನ್ನ ಬಾಗಿಲಿಗೆ ನಿನ್ನ ಬೀಗ. ಎರಡು ಕಿಟಕಿ ಅತ್ತೆ, ಬೆಳಿಗ್ಗೆಗೊಂದು..."

"ಗೊತ್ತು, ಸಂಜೆಗೊಂದು."

ಮೂರು ದಿನ ಆ ಬೀಗ ಇಸ್ತ್ರಿ ಮೇಜಿನ ಮೇಲೆ ಕೂತು ಅವಳನ್ನೇ ನೋಡುತ್ತಿತ್ತು. ನಾಲ್ಕನೇ ದಿನ, ಗುರುವಾರ ಬೆಳಿಗ್ಗೆ, ಅಜ್ಜ ಬ್ರೆಡ್ಡು ತರಲು ಹೋದ ಹೊತ್ತು ನೋಡಿ ಅತ್ತೆ ಹೋಗಿ ಬೀಗ ಜಡಿದಳು. ಕೀಲಿಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಯಾವ ಮೈಯನ್ನೂ ಮುಟ್ಟಲಿಲ್ಲ, ಒಂದು ಮಾತೂ ಆಡಲಿಲ್ಲ. ಬರುವಾಗ ದಾರಿಯಲ್ಲಿ ಹಾಡೊಂದನ್ನು ಗುನುಗಿದಳು ಕೂಡ.

ಶನಿವಾರ ಮಧ್ಯಾಹ್ನ, ಅಜ್ಜ ಗಂಟು ಕಟ್ಟಿದನೋ ಇಲ್ಲವೋ ನೋಡಿಬರೋಣ ಎಂದು ಹೊರಟಳು. ಅಂಗಡಿಯಲ್ಲಿ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಅಜ್ಜ ಗೋಡೆಗೊರಗಿ ಕೂತಿದ್ದ. ಮುಖ ಒಗೆದು ಒಗೆದು ಬಣ್ಣ ಬಿಟ್ಟ ಬಟ್ಟೆಯಂತಾಗಿತ್ತು. ಅವಳನ್ನು ಕಂಡದ್ದೇ ಎದ್ದ.

"ಬನ್ನಿ ತಾಯಿ, ನಿಮ್ಮನ್ನೇ ಕಾಯ್ತಿದ್ದೆ. ಕೀಲಿ ಕಳೆದುಕೊಂಡ್ರೇನೋ ಅಂದ್ಕೊಂಡೆ."

"ಹ್ಞಾಂ," ಎಂದುಬಿಟ್ಟಳು ಅತ್ತೆ. "ಕಳ್ದೋಯ್ತು ನೋಡಿ." ಕೀಲಿ ತೊಡೆಗೆ ಒತ್ತುತ್ತಿತ್ತು.

"ನೀವು ಹೂಂ ಅಂದ್ರೆ ನಾನೇ ತೆಗೀತೀನಿ. ಬೀಗಕ್ಕೇನೂ ಆಗಲ್ಲ."

ಅಜ್ಜ ಎರಡು ಸಣ್ಣ ಕಡ್ಡಿಗಳನ್ನು ತಂದ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ. ಸೀನು ಬಂದು ಹೋಗುವಷ್ಟರಲ್ಲಿ ಬೀಗ ಬಾಯಿ ಬಿಟ್ಟಿತು.

"ಇಷ್ಟು ಸಲೀಸಾ?" ಅತ್ತೆ ಬೆರಗಾದಳು. "ಮತ್ಯಾಕೆ ಎರಡು ದಿನ ಸುಮ್ನಿದ್ರಿ?"

"ಬೀಗ ನಿಮ್ದು ತಾಯಿ. ನೀವಿಲ್ದಾಗ ಹೇಗೆ ಮುಟ್ಲಿ?" ಎಂದವನು, "ಒಂದು ನಿಮಿಷ, ತಪ್ಪು ತಿಳೀಬೇಡಿ" ಎಂದು ಗಡಿಬಿಡಿಯಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಅತ್ತೆ ಅಂಗಡಿಯ ಹಿಂದೆ ಸರಿದು ನಿಂತಳು. ಅಲ್ಲಿ ಒಂದು ಹಗ್ಗ, ಹಗ್ಗದ ಮೇಲೆ ಮೂರು ಪ್ಯಾಂಟು, ಒಂದು ಚಾದರ. ಅಜ್ಜ ಅವನ್ನು ತಾನೇ ಒಗೆದು ಹಾಕಿದ್ದ. ಗಂಡಸಿನ ಒಗೆತ, ಸೋಪು ಮೇಲೆ ಮೇಲೆ, ಕಲೆ ಒಳಗೇ. ಅತ್ತೆಗೆ ಕಾಗದ ಓದಲು ತಡವರಿಕೆ, ಬಟ್ಟೆ ಓದಲು ಇಲ್ಲ. ಮೊದಲನೇ ಪ್ಯಾಂಟು ಗುರುವಾರದ್ದು, ಎರಡನೆಯದು ನಿನ್ನೆಯದು, ಮೂರನೆಯದು ಇನ್ನೂ ಹಸಿ, ಇವತ್ತಿನದು. ಬಸ್‌ಸ್ಟ್ಯಾಂಡಿನ ಕಕ್ಕಸಿಗೆ ಮೂರು ಬೀದಿ ದಾಟಿ ಹೋಗಬೇಕು. ಎಲ್ಲಿಯವರೆಗೆ ತಡೆದುಕೊಂಡ, ಎಲ್ಲಿ ಕೈಮೀರಿತು, ಹೇಗೆ ಬೀದಿಯಲ್ಲಿ ಗೋಡೆ ಹಿಡಿದುಕೊಂಡು ನಿಂತ, ಎಲ್ಲವೂ ಆ ಹಗ್ಗದ ಮೇಲೆ ಸಾಲಾಗಿ ಬರೆದಿತ್ತು. ಇದು ಬರೀ ವಯಸ್ಸಲ್ಲ. ಹೊಟ್ಟೆ ಪೂರ್ತಿ ಕೆಟ್ಟವನ ಬಟ್ಟೆ ಇದು. ಆಸ್ಪತ್ರೆಯ ಚಾದರದಲ್ಲಿ ಇಂಥದ್ದನ್ನು ಅವಳು ಸಾವಿರ ಸಲ ಓದಿದ್ದಳು.

ಅಜ್ಜ ಗೋಡೆ ಸವರಿಕೊಂಡು ಬಂದ. ಬೆವರು ಒರೆಸಿಕೊಂಡು, "ಉಪಕಾರ ಮಾಡಿದ್ರಿ. ಒಂದು ಲೋಟ ಟೀ ಕುಡೀದೆ ಹೋಗ್ಬಾರ್ದು. ಈ ಬಿಲ್ಡಿಂಗಿಗೆ ಬರೋರಲ್ಲಿ ಮನುಷ್ಯರ ಹಾಗೆ ಮಾತಾಡಿಸೋರು ನೀವೊಬ್ರೇ" ಎಂದ. ಸ್ಟವ್ವು ಹಚ್ಚಿದ. ಮೂಲೆಯ ನಲ್ಲಿಗೆ ಪಾತ್ರೆ ಹಿಡಿದ. "ಈ ನೀರು ಯಾಕೋ ಒಂಥರಾ ವಾಸನೆ. ಪೈಪು ಹಳೇದು ನೋಡಿ. ಶುಂಠಿ ಜಾಸ್ತಿ ಹಾಕ್ತೀನಿ, ಗೊತ್ತಾಗಲ್ಲ."

ಎರಡು ಲೋಟ ಟೀ ಮೇಜಿನ ಮೇಲೆ ಬಂದು ಕೂತವು. ಬಿಚ್ಚಿಟ್ಟ ವಾಚುಗಳ ನಡುವೆ ಹೊಗೆಯಾಡುತ್ತಿದ್ದವು. ಅತ್ತೆ ತನ್ನ ಲೋಟ ಹಿಡಿದಳು. ಶುಂಠಿ, ಸಕ್ಕರೆ, ಟೀಪುಡಿ, ಅವೆಲ್ಲದರ ಅಡಿಯಲ್ಲಿ ಅದು. ಅಜ್ಜ ಲೋಟವನ್ನು ತುಟಿಗೆ ಎತ್ತಿದ.

"ಕುಡೀಬೇಡ!"

ಅವಳ ಕೈ ಹೋಗಿ ಲೋಟಕ್ಕೆ ಬಡಿದಿತ್ತು. ಟೀ ವಾಚುಗಳ ಮೇಲೆಲ್ಲ ಹರಿಯಿತು. ಅಜ್ಜ ಮೊದಲು ಬಟ್ಟೆ ತಂದು ವಾಚು ಒರೆಸಿದ. ಆಮೇಲೆ ಅವಳ ಮುಖ ನೋಡಿದ. ಅತ್ತೆ ಎಲ್ಲವನ್ನೂ ಹೇಳಿದಳು. ಟ್ಯಾಂಕು, ಪಾರಿವಾಳ, ಜೇಬಿನಲ್ಲಿ ಕೂತ ಫ್ಯೂಸು, ಬೂಟು, ತಿಂಗಳ ಕೊನೆ, ಗಿರಾಕಿ. ಹೇಳುತ್ತಾ ಹೋದ ಹಾಗೆ ಅವಳ ಕಿವಿಗೇ ಅದು ಬೇರೆ ಥರ ಕೇಳಿಸಿತು. ಬನ್ನು ತಿನ್ನುತ್ತಾ ಹೇಳಿದಾಗ ಇದ್ದ ನಗು ಇದರಲ್ಲಿ ಎಲ್ಲೂ ಸಿಗಲಿಲ್ಲ.

"ಎಷ್ಟು ದಿನದಿಂದ ಇದೆ ಅದು?" ಎಂದ ಅಜ್ಜ.

"ಹತ್ತು ದಿನ."

"ನಿಮ್ಗೆ ಯಾವಾಗ ಗೊತ್ತಾಯ್ತು?"

ಅತ್ತೆ ನೆಲ ನೋಡಿದಳು. "ಆರು ದಿನ ಆಯ್ತು."

"ಹ್ಞೂಂ," ಎಂದ ಅಜ್ಜ. ಅಷ್ಟೇ. ಬೈದಿದ್ದರೆ ಅತ್ತೆ ನಾಲ್ಕು ಮಾತು ಹೇಳಿ ಹಗುರಾಗುತ್ತಿದ್ದಳು. ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಅಜ್ಜ ಅದರ ಕಡೆ ನೋಡಲೂ ಇಲ್ಲ.

ಆಟೋ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಚಾದರ ಒಗೆಯುವವಳು ಎಂದು ನರ್ಸುಗಳು ಸಾಲು ಬಿಡಿಸಿ ಒಳಗೆ ಬಿಟ್ಟರು. ಒಂದು ಬಾಟಲಿ ಗ್ಲೂಕೋಸು ಹಾಕಿ, ಮಾತ್ರೆ ಕೊಟ್ಟು, "ಇನ್ನೆರಡು ದಿನ ಬಿಟ್ಟಿದ್ರೆ ಈ ವಯಸ್ಸಲ್ಲಿ ಕಷ್ಟ ಇತ್ತು" ಎಂದು ಡಾಕ್ಟರು ಹೇಳಿದರು. ಸಂಜೆಯೊಳಗೆ ಅಜ್ಜನನ್ನು ಅವನ ಮಂಚಕ್ಕೆ ಸೇರಿಸಿದಳು.

ಭಾನುವಾರ ಬೆಳಿಗ್ಗೆ ಅತ್ತೆ ಮೆಟ್ಟಿಲು ಹತ್ತಿ ಟ್ಯಾಂಕಿನ ಹತ್ತಿರ ಹೋದಳು. ರವಿಕೆಯ ತೋಳು ಮೇಲೇರಿಸಿ ಬರಿಗೈ ಹಾಕಿದಳು. ಅದು ಒಂದೇ ಸಲಕ್ಕೆ ಬರಲಿಲ್ಲ. ಪುಕ್ಕ ಬೇರೆ ಬಂತು, ಉಳಿದದ್ದು ಬೇರೆ ಬಂತು. ಹೋಟೆಲಿನ ಒಂದು ಬಿಳೀ ದಿಂಬಿನ ಚೀಲದೊಳಗೆ ಎಲ್ಲವನ್ನೂ ತುಂಬಿದಳು. ಟ್ಯಾಂಕು ಖಾಲಿ ಮಾಡಿ ತಿಕ್ಕಿದಳು.

ಅವತ್ತು ಮಧ್ಯಾಹ್ನ ಮೇಜಿನ ಸುತ್ತ ಗಿರಾಕಿಯೂ ಬಂದು ಕೂತಿದ್ದ. ಬಿಳೀ ಬೂಟಿನ ದೊಡ್ಡ ಮನುಷ್ಯ. ಬೂಟಿಗೆ ಕೊಳೆ ತಾಗೀತೆಂದು ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟಿದ್ದ. ಎರಡು ದಿನದಲ್ಲಿ ಅಜ್ಜ ಏಳುತ್ತಾನೆಂದು ಹೇಳಿ ಪ್ಲಾನಪ್ಪ ಅವನನ್ನು ಸಹಿಗೆ ಕರೆತಂದಿದ್ದ. ಕಾಗದ ಹಾಸಿತ್ತು, ಪೆನ್ನು ತೆರೆದಿತ್ತು, ಬನ್ನಿನ ತಟ್ಟೆ ತುಂಬಿತ್ತು. ಅತ್ತೆ ಬಂದು ದಿಂಬಿನ ಚೀಲವನ್ನು ತಟ್ಟೆಯ ಪಕ್ಕ ಇಟ್ಟು ಬಾಯಿ ಬಿಚ್ಚಿದಳು.

ವಾಸನೆ ಮೇಜಿನ ಸುತ್ತ ಒಂದು ಸುತ್ತು ಬಂತು. ಎಲ್ಲರೂ ಒಟ್ಟಿಗೆ ಕುರ್ಚಿ ಹಿಂದಕ್ಕೆ ತಳ್ಳಿದರು.

"ಅಜ್ಜ ಇದನ್ನ ಹತ್ತು ದಿನ ಕುಡಿದಿದಾನೆ," ಎಂದಳು ಅತ್ತೆ. "ನಿನ್ನೆ ಆಸ್ಪತ್ರೆ ಸೇರಿಸಿದ್ದೆ."

ತಂಗಿಯ ಮುಖ ಕೆಂಪಾಯಿತು. ನಾಚಿಕೆ ಎಂದುಕೊಂಡಳು ಅತ್ತೆ.

"ನನ್ನ ಟ್ಯಾಂಕಿಗೆ ಕೈ ಹಾಕೋಕೆ ನಿಂಗೆ ಹೇಳಿದವರು ಯಾರು?" ಎಂದಳು ತಂಗಿ. "ನಿನ್ನ ಕಕ್ಕಸಿಗೆ ನಾನು ಕೈ ಹಾಕಿದ್ನಾ?"

"ನನ್ನ ಮೆಟ್ಟಿಲು ಹತ್ತಿ ಹೋಗಿರ್ತಾಳೆ," ಎಂದ ತಮ್ಮ ಮುನಿಸಿಕೊಂಡು. "ಒಂದು ಮಾತು ಕೇಳಿಲ್ಲ."

"ಕರಾರಿನ ಪ್ರಕಾರ ಇದು ಅತಿಕ್ರಮಣ," ಎಂದರು ಗುಮಾಸ್ತರು ಮೂಗಿಗೆ ಕರ್ಚೀಫು ಒತ್ತಿಕೊಂಡು.

ಬಿಳೀ ಬೂಟಿನವನು ಮಾತ್ರ ಪಾರಿವಾಳವನ್ನೂ ನೋಡಲಿಲ್ಲ, ಮೂಗನ್ನೂ ಮುಚ್ಚಲಿಲ್ಲ. ಮೇಜಿನ ಮೇಲೆ ಮುಂದಕ್ಕೆ ಬಾಗಿದ.

"ಆಸ್ಪತ್ರೆ ಅಂದ್ರಲ್ಲ. ಸೀರಿಯಸ್ಸಾ?"

ಆ ಒಂದು ಮಾತಿಗೆ ಐದೂ ಮುಖಗಳು ಅತ್ತೆಯ ಕಡೆ ತಿರುಗಿದವು. ತಂಗಿಯ ಕೋಪ ಹೋಯಿತು, ತಮ್ಮನ ಮುನಿಸು ಹೋಯಿತು, ಗುಮಾಸ್ತರ ಕರ್ಚೀಫು ಇಳಿಯಿತು. ಐದು ಮುಖದಲ್ಲೂ ಒಂದೇ ಬೆಳಕು. ಸಂಬಳದ ದಿನ ಜನರ ಮುಖದಲ್ಲಿ ಕಾಣುತ್ತದಲ್ಲ, ಅಂಥ ಬೆಳಕು. ಅವರು ಅವಳ ಬಾಯನ್ನೇ ನೋಡುತ್ತಿದ್ದರು. ಹೌದು ಎನ್ನಲಿ, ಹೌದು ಎನ್ನಲಿ ಎಂದು ಕಾಯುತ್ತಿದ್ದರು.

ಎಂಥೆಂಥ ಚಾದರ ಬಿಚ್ಚಿದರೂ ಬಾರದಿದ್ದ ವಾಕರಿಕೆ ಅತ್ತೆಗೆ ಈಗ ಬಂತು. ಪಕ್ಕದ ಬುಟ್ಟಿಗೆ ಬಗ್ಗಿ ಎರಡು ಸಲ ವಾಂತಿ ಮಾಡಿದಳು. ಬಾಯಿ ಒರೆಸಿಕೊಂಡು ಎದ್ದಳು.

"ಹುಷಾರಾಗ್ತಾನೆ," ಎಂದಳು. "ಸಾಯಲ್ಲ. ಎದ್ದೂ ಹೋಗಲ್ಲ. ನಾನು ಸಹಿ ಹಾಕಲ್ಲ."

ಬೆಳಕು ಆರಿತು. ಬಿಳೀ ಬೂಟಿನವನು ಕಾಲು ಇಳಿಸಿ ಬೂಟಿನ ತುದಿ ನೋಡಿಕೊಂಡ. "ನಿಮ್ಮ ಮನೆ ಜಗಳ ನೀವು ಮುಗಿಸ್ಕೊಳ್ಳಿ. ನಾನು ಮೂಲೆ ಅಂಗಡೀಲಿ ಅರ್ಧ ಗಂಟೆ ಇರ್ತೀನಿ" ಎಂದು ಎದ್ದುಹೋದ.

"ಅತ್ತೇ, ನಿನ್ನ ದುಡ್ಡೂ ಹೋಗುತ್ತೆ!" ಪ್ಲಾನಪ್ಪನ ದನಿ ಅಳುಬುರುಕಾಯಿತು. "ಬಾಡಿಗೆ ಬಂದ್ರೂ ಕಂತಿಗೇ ಸಾಲಲ್ಲ. ಹಾಕಿದ್ದೆಲ್ಲ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಕಿಟಕಿ ಬೇಡ್ವಾ ನಿಂಗೆ?"

"ಬೇಕು ಕಣೋ. ಹೊಟ್ಟೆ ಉರಿಯೋಷ್ಟು ಬೇಕು. ನೀನು ಮೊದಲು ಇಲ್ಲಿಂದ ಎದ್ದೇಳು. ಫ್ಯೂಸು ಇಟ್ಟು ಹೋಗಿ ಗುಮಾಸ್ತರೇ, ಇಲ್ದಿದ್ರೆ ಈ ದಿಂಬಿನ ಚೀಲ ನಿಮ್ಮ ಮನೆಗೆ ಎರಡು ಪ್ರತಿ ಕಳಿಸ್ತೀನಿ."

ಫ್ಯೂಸು ಮೇಜಿನ ಮೇಲೆ ಬಂತು. ಒಬ್ಬೊಬ್ಬರಾಗಿ ಎದ್ದು ಹೊರಟರು. ತಂಗಿ ಹೋಗುವಾಗ ಉಳಿದ ಬನ್ನುಗಳನ್ನು ಕಾಗದದಲ್ಲಿ ಸುತ್ತಿಕೊಂಡು ಹೋದಳು. ಪಾರಿವಾಳದ ಪಕ್ಕದಲ್ಲಿ ಇಟ್ಟಿದ್ದ ಬನ್ನು!

ಐದು ನಿಮಿಷವಾಗಿರಬಹುದು. ಬಾಗಿಲಲ್ಲಿ ತಮ್ಮ ಒಬ್ಬನೇ ಬಂದು ನಿಂತ. ಬೂಟು ಕೈಯಲ್ಲಿ ಹಿಡಿದಿದ್ದ, ಸದ್ದಾಗದಿರಲಿ ಎಂದು. ಅತ್ತೆಗೆ ಕರುಳು ಚುರುಕ್ಕೆಂದಿತು. ಎಷ್ಟೆಂದರೂ ಎತ್ತಿ ಆಡಿಸಿದ ತಮ್ಮ. ಮನಸ್ಸು ತಡೆಯದೆ ಬಂದಿದ್ದಾನೆ, ತಪ್ಪಾಯ್ತು ಅನ್ನುತ್ತಾನೆ ಎಂದುಕೊಂಡು ಕುರ್ಚಿ ಸರಿಸಿದಳು.

ಅವನು ಕೂರಲಿಲ್ಲ. ಹಿಂದೆ ಮುಂದೆ ನೋಡಿ ಕಿವಿಯ ಹತ್ತಿರ ಬಂದ.

"ಅಕ್ಕಾ, ನೀನು ಹಠ ಹಿಡಿದಿದ್ದು ಒಳ್ಳೇದಾಯ್ತು. ಈಗ ಎಲ್ಲಾ ಕೂತಿರೋದು ನಿನ್ನ ಕಕ್ಕಸಿನ ಮೇಲೆ. ಅದನ್ನ ನಂಗೆ ಮಾರ್ಬಿಡು. ಹಾಕಿದ್ದರಲ್ಲಿ ಅರ್ಧ ಕೊಡ್ತೀನಿ. ನೀನು ಸಹಿ ಹಾಕೋ ಪಾಪವೂ ಬೇಡ, ಅಜ್ಜನ ವಿಷಯ ನಾನು ನೋಡ್ಕೋತೀನಿ. ನನ್ನ ಮಗನಿಗೆ ಮಾತ್ರ ಹೇಳ್ಬೇಡ."

ಅತ್ತೆ ಅವನನ್ನು ನೋಡಿದಳು. ಮೀಸೆಯಲ್ಲಿ ಬನ್ನಿನ ಚೂರು ಸಿಕ್ಕಿತ್ತು.

"ಬಾಯಿ ಒರೆಸ್ಕೋ," ಎಂದಳು.

ಅವನು ಒರೆಸಿಕೊಂಡ. ಒಪ್ಪಿಗೆ ಸಿಕ್ಕಿತೆಂದು ಅವನ ಕಣ್ಣು ಅರಳಿತು. "ಬೇಕಾದ್ರೆ ಅರ್ಧಕ್ಕಿಂತ ಒಂಚೂರು ಜಾಸ್ತಿನೇ..."

ಅತ್ತೆ ಅವನ ಎದೆಗೆ ಕೈ ಕೊಟ್ಟು ಹೊರಗೆ ನೂಕಿ ಷಟರು ಎಳೆದಳು. ತಗಡಿನ ಆಚೆಯಿಂದ ಪಿಸುದನಿ ಬರುತ್ತಲೇ ಇತ್ತು. "ಮುಕ್ಕಾಲು, ಅಕ್ಕಾ! ಕೇಳಿಸ್ತಾ? ಮುಕ್ಕಾಲು ಕೊಡ್ತೀನಿ!"

ಅವಳು ಎರಡು ಕ್ಯಾನು ತೊಳೆದು, ಮತ್ತೆ ತೊಳೆದು, ಲಾಂಡ್ರಿಯ ನಲ್ಲಿಯಿಂದ ನೀರು ತುಂಬಿಸಿಕೊಂಡಳು. ಫ್ಯೂಸು ಜೇಬಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಟಳು. ಮುಂದಿನ ಬಾಗಿಲಲ್ಲಿ ತಮ್ಮ ಖಾಲಿ ಅಂಗಡಿಯ ಜೊತೆ ಚೌಕಾಸಿ ಮಾಡುತ್ತಲೇ ಇದ್ದ.

ಅಜ್ಜ ಬಾಗಿಲು ತೆಗೆಯಲು ಹೊತ್ತು ಹಿಡಿಯಿತು. ಕಂಬಳಿ ಹೊದ್ದಿದ್ದ. ಬನ್ನಿ ತಾಯಿ ಎನ್ನಲಿಲ್ಲ. ಕ್ಯಾನುಗಳನ್ನು ನೋಡಿದ, ಅವಳನ್ನು ನೋಡಿದ. ಬಗ್ಗಿ ಒಂದು ಕ್ಯಾನಿನ ಮುಚ್ಚಳ ತಿರುಗಿಸಿ ತೆಗೆದ. ಮೂಗು ಹತ್ತಿರ ಒಯ್ದು ಮೂಸಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಮೂಸಿದ. ಆಮೇಲೆ ಎರಡನೇ ಕ್ಯಾನಿನ ಮುಚ್ಚಳಕ್ಕೆ ಕೈ ಹಾಕಿದ.

ಅವನು ಮೂಸಿ ಮುಗಿಸುವ ತನಕ ಲಾಂಡ್ರಿ ಅತ್ತೆ ಹೊಸ್ತಿಲಾಚೆ ನಿಂತೇ ಇದ್ದಳು.